ರಾಗಿಯ ರಾಶಿಯೂ ಅದರ ಸತ್ತ್ವವೂ

ದಾಸೋಹವು ನಡೆಯುವ ಸ್ಥಾನದಲ್ಲಿ ಧಾನ್ಯದ ವಿಚಾರವು ಅಪ್ರಸ್ತುತವೆನಿಸಲಾರದು. ಪಂಕ್ತಿಯಲ್ಲಿ ಕುಳಿತ ಬಾಲಕನ ಹಸಿವು ಅಡಗಿದರೆ ಸಾಲದು. ಅವನ ಮೈಯೂ ಬೆಳೆಯಬೇಕು. ಮೈ ಬೆಳೆಯುವುದಕ್ಕೆ ಸಸಾರಜನಕವು, ಅಂದರೆ ಪ್ರೋಟೀನು, ಅವಶ್ಯಕ. ನಮ್ಮ ದೊಡ್ಡಬಳ್ಳಾಪುರ ಸೀಮೆಯ ಕೆಂಪು ನೆಲಕ್ಕೆ ಒಗ್ಗಿದ ರಾಗಿಯಲ್ಲಿ ಇಳುವರಿಗೂ ಈ ಸಸಾರಜನಕಕ್ಕೂ ಇರುವ ಸಂಬಂಧವೇನೆಂಬುದನ್ನು ವಿಚಾರಿಸೋಣ.

ರಾಗಿಯಲ್ಲಿ ನೂರಕ್ಕೆ ಸುಮಾರು 7 ಭಾಗ ಸಸಾರಜನಕವುಂಟು. ಗೋಧಿಯಲ್ಲಿ ಇದು 11–12 ಭಾಗದಷ್ಟಿರುವುದು. ಸುಣ್ಣದ ಅಂಶದಲ್ಲಿ ಅಕ್ಕಿ ಗೋಧಿಗಳೆರಡನ್ನೂ ಮೀರಿಸುವ ರಾಗಿಯು ಸಸಾರಜನಕದಲ್ಲಿ ಶ್ರೀಮಂತವಲ್ಲ. ಹೀಗಿರುವಾಗ ಇದ್ದುದೂ ಕುಗ್ಗದಂತೆ ನೋಡಿಕೊಳ್ಳುವುದು ಅಗತ್ಯ.

‘ರಾಗಿ ಲಕ್ಷ್ಮಣಯ್ಯ’ನವರೆಂದೇ ನಾಡು ಕರೆದ ಮಹನೀಯರು ಮಂಡ್ಯದ ವಿ.ಸಿ. ಫಾರಮಿನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ನಿರ್ಮಿಸಿದರು. ಅದರಿಂದ ಕಣದ ರಾಶಿ ಬೆಳೆಯಿತು, ಬಡವನ ಮನೆಯ ವಾಡೆ ತುಂಬಿತು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಇಳುವರಿ ಏರಿದಂತೆಲ್ಲ ಕಾಳಿನ ಸಸಾರಜನಕದ ಪ್ರಮಾಣವು ಇಳಿಯುವುದು ಧಾನ್ಯಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಧರ್ಮ.

ಇದರ ಕಾರಣವು ಸರಳವಾದುದು. ಗಿಡವು ಪಿಷ್ಟವನ್ನು ಗಾಳಿ, ನೀರು, ಬಿಸಿಲುಗಳಿಂದ ರಚಿಸಿಕೊಳ್ಳುತ್ತದೆ. ಸಸಾರಜನಕಕ್ಕಾದರೋ, ಹೆಸರೇ ಹೇಳುವಂತೆ, ಸಾರಜನಕವು ಬೇಕು. ರಾಗಿಯ ಬೇರು ಅದನ್ನು ಭೂಮಿಯಿಂದಲೇ ಹೀರಬೇಕು. ಕಾಳು ಹೆಚ್ಚಿ ನೆಲದ ಸಾರಜನಕವು ಹಿಂದಿನಷ್ಟೇ ಉಳಿದರೆ, ಹಾಲು ಅಷ್ಟೇ ಇದ್ದು ನೆಂಟರು ಹೆಚ್ಚಿದ ಮನೆಯಂತಾಗುತ್ತದೆ. ಇದಲ್ಲದೆ, ಗಿಡವು 100 ಭಾಗ ಗ್ಲೂಕೋಸಿನಿಂದ ಸುಮಾರು 83 ಭಾಗ ಪಿಷ್ಟವನ್ನು ಮಾಡಬಲ್ಲುದು. ಸಸಾರಜನಕವನ್ನಾದರೆ ಸುಮಾರು 40 ಭಾಗ ಮಾತ್ರ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1896ರಿಂದ ಮುಸುಕಿನ ಜೋಳವನ್ನು ಸಸಾರಜನಕಕ್ಕಾಗಿಯೇ ಆರಿಸುತ್ತ ಬಂದರು. ತಲೆಮಾರುಗಳು ಕಳೆದಂತೆ ಸಸಾರಜನಕವು ಇಮ್ಮಡಿಗೂ ಮೀರಿತು. ಪಿಷ್ಟವೂ ಇಳುವರಿಯೂ ತಗ್ಗಿದುವು.

ಹಾಗಾದರೆ ಹೆಚ್ಚು ಬೆಳೆಯುವುದು ತಪ್ಪೇ? ಉದಾಹರಣೆಗಾಗಿ ಲೆಕ್ಕವೊಂದನ್ನು ಮಾಡೋಣ. ಎಕರೆಗೆ 8 ಕ್ವಿಂಟಾಲು ಬೆಳೆದು ನೂರಕ್ಕೆ 8 ಭಾಗ ಸಸಾರಜನಕವಿದ್ದರೆ ದೊರೆಯುವುದು 64 ಕಿಲೋ. 12 ಕ್ವಿಂಟಾಲು ಬೆಳೆದು 6 ಭಾಗವಿದ್ದರೆ 72 ಕಿಲೋ. ಹೊಲದ ಲೆಕ್ಕದಲ್ಲಿ ಲಾಭವೇ ಸರಿ. ಆದರೆ ದಿನಕ್ಕೆ ಅರ್ಧ ಕಿಲೋ ಹಿಟ್ಟನ್ನು ಉಣ್ಣುವವನಿಗೆ ಮೊದಲನೆಯದರಲ್ಲಿ 40 ಗ್ರಾಂ, ಎರಡನೆಯದರಲ್ಲಿ 30 ಗ್ರಾಂ ಮಾತ್ರ. ಹೊಲದವನು ಗೆದ್ದನು, ಮುದ್ದೆಯ ಹೊರತು ಬೇರೇನೂ ಇಲ್ಲದ ಬಡವನು ಸೋತನು. ರಾಶಿಯನ್ನಳೆಯುವ ಕೊಳಗವು ಈ ನಷ್ಟವನ್ನು ತೋರಿಸುವುದಿಲ್ಲ.

ಇದಕ್ಕೆ ಪರಿಹಾರಗಳುಂಟು. ಮೊದಲನೆಯದು ತಳಿ. ಬಿಳಿ ರಾಗಿಯಲ್ಲಿ ಸಾಮಾನ್ಯವಾಗಿ ಕೆಂಪು ರಾಗಿಗಿಂತ ಸಸಾರಜನಕವು ಹೆಚ್ಚು. ಮಂಡ್ಯದಲ್ಲಿ ಹೊರತಂದ ಕೆ.ಎಂ.ಆರ್. 340 ಅಂತಹ ಬಿಳಿ ರಾಗಿ. ಎರಡನೆಯದು ಗೊಬ್ಬರ. ಹೆಚ್ಚು ಕೊಯ್ಯುವವನು ನೆಲಕ್ಕೆ ಹೆಚ್ಚು ಹಿಂದಿರುಗಿಸಬೇಕು. ಕೊಟ್ಟಿಗೆ ಗೊಬ್ಬರವನ್ನು ತಪ್ಪದೆ ಹಾಕಿ, ಸಾರಜನಕದ ಗೊಬ್ಬರವನ್ನು ಒಂದೇ ಸಲ ಸುರಿಯದೆ ಮಳೆಯನ್ನು ನೋಡಿ ಹಂಚಿ ಕೊಡಬೇಕು. ಅತಿಯಾದರೆ ಪೈರು ಮಲಗುವುದು, ಬೆಂಕಿರೋಗವೂ ಬಲಿಯುವುದು.

ಮೂರನೆಯದು ನಮ್ಮ ಹಿರಿಯರ ಅಕ್ಕಡಿ ಸಾಲು. ರಾಗಿಯ ನಡುವೆ ಅವರೆ, ತೊಗರಿಗಳನ್ನು ಬಿತ್ತುತ್ತಿದ್ದ ಈ ಪದ್ಧತಿಯು ಅನೇಕ ಹೊಲಗಳಲ್ಲಿ ಕಣ್ಮರೆಯಾಗಿದೆ. ಇವುಗಳ ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತವೆ. ಒಣಗಿದ ಅವರೆಕಾಳಿನಲ್ಲಿ ನೂರಕ್ಕೆ ಸುಮಾರು 24 ಭಾಗ ಸಸಾರಜನಕವುಂಟು. ರಾಗಿಯಲ್ಲಿ ಕೊರತೆಯಾದ ಲೈಸೀನೆಂಬ ಅಂಶವು ಅವರೆಯಲ್ಲಿ ಹೇರಳ. ಅವರೆಯಲ್ಲಿ ಕಡಿಮೆಯಾದ ಮಿಥಿಯೊನೀನು ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಅವರೆಕಾಳಿನ ಸಾರು ಜೊತೆಯಾದುದು ನಾಲಗೆಗೆ ಹಿತವಾದಂತೆ ಮೈಗೂ ಹಿತವಾಯಿತು.

ಆದುದರಿಂದ ಭಕ್ತಬಾಂಧವರು ರಾಶಿಯನ್ನು ಹೆಚ್ಚಿಸಿರಿ. ಜೊತೆಗೆ ಅಕ್ಕಡಿ ಸಾಲನ್ನೂ ಉಳಿಸಿರಿ. ದಾಸೋಹಕ್ಕೆ ರಾಗಿಯ ಚೀಲವನ್ನು ತರುವವರು ಅದರೊಡನೆ ಒಂದು ಕೊಳಗ ಅವರೆಯನ್ನೂ ತಂದರೆ, ಪಂಕ್ತಿಯ ಮಕ್ಕಳಿಗೆ ಹೊಟ್ಟೆಯೂ ತುಂಬೀತು, ಬಲವೂ ಬಂದೀತೆಂದು ಅರಿಕೆ ಮಾಡಿ ವಿರಮಿಸುತ್ತೇನೆ.