ಆಘಾತದ ನೆನಪಿಗೂ ಚಿಕಿತ್ಸೆಯಿದೆ

(ಜುಮಾ ಖುತ್ಬಾದ ಸಾರಾಂಶ)



ಇಂದಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ನಮ್ಮ ಜಮಾಅತ್‌ನ ಒಬ್ಬ ಯುವಕ. ಹೆಸರು ಬೇಡ, ವಿಷಯ ಹೇಳಲು ಅವನೇ ಅನುಮತಿ ಕೊಟ್ಟಿದ್ದಾನೆ. ಮೂರು ವರ್ಷದ ಹಿಂದೆ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು. ಹಿಂದೆ ಕುಳಿತಿದ್ದ ಗೆಳೆಯ ಸ್ಥಳದಲ್ಲೇ ತೀರಿಕೊಂಡ. ಇವನ ಕಾಲಿನ ಮೂಳೆ ನಾಲ್ಕು ತಿಂಗಳಲ್ಲಿ ಕೂಡಿಕೊಂಡಿತು. ಆಮೇಲೆ ಜುಮಾಕ್ಕೆ ಬಂದರೆ ಕೊನೆಯ ಸಫ್‌ನಲ್ಲಿ, ಬಾಗಿಲಿಗೆ ತಾಗಿಕೊಂಡೇ ನಿಲ್ಲುತ್ತಿದ್ದ. ನಮಾಝ್ ಮುಗಿಯುವ ಮೊದಲೇ ಎದ್ದು ಹೋದದ್ದೂ ಉಂಟು. ಕ್ರಮೇಣ ಬರುವುದೇ ನಿಂತಿತು. ಅವನ ತಾಯಿ, "ಉಸ್ತಾದ್, ಅವನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದು ಹೇಳಿಕಳುಹಿಸಿದರು. ನಾನು ಮನೆಗೆ ಹೋಗಿ ಹೇಳಿದೆ: ಸಬ್ರ್ ಬೇಕು, ಅಲ್ಲಾಹನ ವಿಧಿಯನ್ನು ಒಪ್ಪಿಕೊಳ್ಳಬೇಕು, ಈಮಾನ್ ಗಟ್ಟಿಯಿದ್ದವನು ಹೀಗೆ ಕುಸಿಯುವುದಿಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಎಂಟು ತಿಂಗಳು ನನ್ನೆದುರಿಗೆ ಬರಲಿಲ್ಲ.

ಸುಜೂದ್‌ಗೆ ಹೋಗಿ ಕಣ್ಣು ಮುಚ್ಚಿದರೆ ಆ ರಸ್ತೆಯೇ ಕಾಣುತ್ತಿತ್ತಂತೆ. ಡಾಂಬರಿನ ಬಿಸಿ, ಡೀಸೆಲ್ ವಾಸನೆ, ಗೆಳೆಯನ ಒಂದು ಚಪ್ಪಲಿ. "ನಾನು ನಮಾಝ್ ಬೇಡವೆಂದು ಬಿಟ್ಟದ್ದಲ್ಲ ಉಸ್ತಾದ್, ಹಣೆ ನೆಲಕ್ಕಿಡಲು ಹೆದರಿಕೆಯಾಗುತ್ತಿತ್ತು" ಎಂದು ಈಚೆಗೆ ಅವನು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮದ್ರಸದ ಬಳಿಕ ಬಿಎ ಓದುವಾಗ ಮನಶ್ಶಾಸ್ತ್ರ ನನಗೆ ಒಂದು ವಿಷಯವಾಗಿತ್ತು. ಪರೀಕ್ಷೆಗೆ ಓದಿದ್ದು ಪರೀಕ್ಷೆಯಲ್ಲೇ ಉಳಿಯಿತು.

ಸಹೋದರರೇ, ಉಹುದ್ ಯುದ್ಧದಲ್ಲಿ ಹಂಝಾ(ರ)ರನ್ನು ಭರ್ಜಿ ಎಸೆದು ಕೊಂದ ವಹ್ಶೀ ವರ್ಷಗಳ ಬಳಿಕ ಮದೀನಕ್ಕೆ ಬಂದು ಇಸ್ಲಾಮ್ ಸ್ವೀಕರಿಸಿದರು. ಪ್ರವಾದಿ(ಸ)ರು ಅವರನ್ನು ಸ್ವೀಕರಿಸಿದರು, ಪ್ರತೀಕಾರ ತೀರಿಸಲಿಲ್ಲ. ಆದರೆ ಒಂದು ಮಾತು ಕೇಳಿದರು: ನಿಮ್ಮ ಮುಖ ನನ್ನ ಕಣ್ಣಿಗೆ ಬೀಳದಂತೆ ಇರಲು ಸಾಧ್ಯವೇ ಎಂದು. ಬುಖಾರಿಯಲ್ಲಿರುವ ಈ ಘಟನೆಯನ್ನು ನಾನು ಎಷ್ಟೋ ಸಲ ಕ್ಷಮೆಯ ಬಗ್ಗೆ ಹೇಳುವಾಗ ಬಳಸಿದ್ದೇನೆ. ಈಗ ಇನ್ನೊಂದು ಪಾಠ ಕಾಣುತ್ತಿದೆ. ಕ್ಷಮೆಯಲ್ಲಿ ಕೊರತೆ ಇರಲಿಲ್ಲ. ಈಮಾನಿನ ಬಗ್ಗೆಯಂತೂ ಪ್ರಶ್ನೆಯೇ ಇಲ್ಲ. ಆದರೂ ಆ ಮುಖ ಕಂಡರೆ ಪ್ರೀತಿಯ ಚಿಕ್ಕಪ್ಪನ ಕೊಲೆ ನೆನಪಾಗುತ್ತಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಹಾಗಿರುವಾಗ, ಲಾರಿಯ ಹಾರ್ನ್ ಕೇಳಿ ನಡುಗುವ ಹುಡುಗನಿಗೆ ಈಮಾನ್ ಸಾಲದೆಂದು ಹೇಳಲು ನಾನು ಯಾರು?

ಆ ಯುವಕನನ್ನು ಅವನ ಅಕ್ಕ ಮನಶ್ಶಾಸ್ತ್ರಜ್ಞರ ಬಳಿಗೆ ಕರೆದೊಯ್ದಳು. ಅಲ್ಲಿ ಮಾಡಿದ ಚಿಕಿತ್ಸೆಯ ಹೆಸರು ಇಎಂಡಿಆರ್. ಪೂರ್ತಿಯಾಗಿ ಹೇಳುವುದಾದರೆ ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಷನ್ ಅಂಡ್ ರೀಪ್ರೊಸೆಸಿಂಗ್. ಹೆಸರು ಉದ್ದವಿದೆ, ವಿಷಯ ಸರಳವಿದೆ. ನಡೆದದ್ದೆಲ್ಲ ಸಾಮಾನ್ಯವಾಗಿ ಮನಸ್ಸಿನಲ್ಲಿ ಅರಗಿ ಹಳೆಯ ನೆನಪಾಗುತ್ತದೆ. ಜೀವಕ್ಕೇ ಎರವಾಗುವಂಥ ಭಯದ ಘಟನೆ ಕೆಲವರಲ್ಲಿ ಹಾಗೆ ಅರಗುವುದಿಲ್ಲ. ಗಂಟಲಿನಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಅಲ್ಲೇ ನಿಂತು, ಮುಟ್ಟಿದಾಗಲೆಲ್ಲ ಇದೀಗ ಚುಚ್ಚಿದಂತೆ ನೋಯುತ್ತದೆ. ಅದನ್ನು ಅರಗಿಸಲು ಮನಸ್ಸಿಗೆ ನೆರವಾಗುವುದೇ ಈ ಚಿಕಿತ್ಸೆಯ ಉದ್ದೇಶ.

ಅಮೆರಿಕದ ಫ್ರಾನ್ಸಿನ್ ಶಪೀರೊ ಎಂಬ ಮಹಿಳೆ 1987ರಲ್ಲಿ ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಚಲಿಸಿದಂತೆ ತನ್ನನ್ನು ಕಾಡುತ್ತಿದ್ದ ಯೋಚನೆಗಳ ತೀವ್ರತೆ ತಗ್ಗಿದ್ದನ್ನು ಗಮನಿಸಿದರು. ಅಲ್ಲಿಂದ ಆರಂಭಿಸಿ, 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. ಇಂದು ಅದು ಎಂಟು ಹಂತಗಳ ಚಿಕಿತ್ಸೆಯಾಗಿ ಬೆಳೆದಿದೆ.

ಮೊದಲ ದಿನವೇ ಬೆರಳು ಆಡಿಸುವುದಿಲ್ಲ. ಮೊದಲು ಹಿನ್ನೆಲೆ ಕೇಳುತ್ತಾರೆ, ಉಸಿರಾಟ ಇತ್ಯಾದಿ ಕಲಿಸಿ ಮನಸ್ಸು ಸಮಾಧಾನಕ್ಕೆ ಬರುವ ದಾರಿ ತೋರಿಸುತ್ತಾರೆ. ಬಳಿಕ, ಆ ಘಟನೆಯ ಅತ್ಯಂತ ಕೆಟ್ಟ ಚಿತ್ರ ಯಾವುದು, ಅದನ್ನು ನೆನೆದಾಗ ನಿಮ್ಮ ಬಗ್ಗೆ ನಿಮಗೇ ಏನನಿಸುತ್ತದೆ, ಅದರ ಬದಲು ಏನನಿಸಬೇಕೆಂದು ಬಯಸುತ್ತೀರಿ ಎಂದು ಕೇಳುತ್ತಾರೆ. ನಮ್ಮ ಯುವಕನ ಉತ್ತರ: "ಅವನು ಸತ್ತದ್ದು ನನ್ನಿಂದಲೇ." ಸೊನ್ನೆಯಿಂದ ಹತ್ತರವರೆಗೆ ಸಂಕಟಕ್ಕೆ ಅಂಕ ಕೊಡು ಎಂದಾಗ ಅವನು ಹತ್ತು ಎಂದನಂತೆ. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚಲಿಸುವ ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಸುಮಾರು ಅರ್ಧ ನಿಮಿಷ. ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು. "ಈಗ ಏನು ಬಂತು?" ಎಂದು ಕೇಳುತ್ತಾರೆ. ಬಂದದ್ದನ್ನು ಹೇಳಬೇಕು, ಮತ್ತೆ ಬೆರಳು. ಒಂದು ಅವಧಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಸಂಕಟ ತಗ್ಗಿದ ಮೇಲೆ, ಬಯಸಿದ ಒಳ್ಳೆಯ ಯೋಚನೆಯನ್ನು ಅದೇ ರೀತಿ ಗಟ್ಟಿಗೊಳಿಸುತ್ತಾರೆ. ಕಣ್ಣಿನ ಬದಲು ಅಂಗೈ ಮೇಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಟ್ಟುವ ಕ್ರಮವೂ ಇದೆ.

"ಇದು ಸಿಹ್ರ್ ಅಲ್ಲವೇ? ಹಿಪ್ನಾಟಿಸಂ ಅಲ್ಲವೇ?" ಎಂದು ಇಬ್ಬರು ಹಿರಿಯರು ನನ್ನನ್ನು ಕೇಳಿದರು. ನನಗೂ ಅದೇ ಸಂಶಯವಿತ್ತು, ಆದ್ದರಿಂದ ವಿಚಾರಿಸಿದೆ. ಅಲ್ಲ. ವ್ಯಕ್ತಿ ಪೂರ್ತಿ ಎಚ್ಚರದಲ್ಲಿರುತ್ತಾನೆ, ಕೈ ಎತ್ತಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮಂತ್ರವಿಲ್ಲ, ಬೇರೆ ಯಾರನ್ನೋ ಬೇಡುವುದಿಲ್ಲ. ಕಣ್ಣನ್ನು ಏಕೆ ಚಲಿಸಬೇಕು ಎಂಬುದಕ್ಕೆ ಹಲವು ಸಂಶೋಧಕರು ಕೊಡುವ ವಿವರಣೆ ಹೀಗಿದೆ: ಮನಸ್ಸು ಏಕಕಾಲದಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸ್ವಲ್ಪವೇ. ನೆನಪು ಮತ್ತು ಬೆರಳು ಎರಡರ ಮೇಲೂ ಗಮನವಿಟ್ಟಾಗ ನೆನಪಿನ ಚಿತ್ರ ಮಸುಕಾಗುತ್ತದೆ, ಹಾಗೆ ಮಸುಕಾಗಿಯೇ ಮತ್ತೆ ಒಳಗೆ ಕೂರುತ್ತದೆ. ಕಣ್ಣಿನ ಚಲನೆಯ ಪಾಲೆಷ್ಟು, ನೆನಪನ್ನು ಸುರಕ್ಷಿತವಾಗಿ ಎದುರಿಸಿದ್ದರ ಪಾಲೆಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. ಚಿಕಿತ್ಸೆ ಫಲಕಾರಿ ಎಂಬುದಕ್ಕೆ ಮಾತ್ರ ಸಾಕಷ್ಟು ಪುರಾವೆಯಿದೆ. ಆಘಾತದ ಬಳಿಕದ ಮಾನಸಿಕ ಕಾಯಿಲೆಗೆ ದೊಡ್ಡವರಿಗೂ ಮಕ್ಕಳಿಗೂ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಸಿರಿಯಾದ ನಿರಾಶ್ರಿತರ ವಿಷಯ. ಟರ್ಕಿಯ ಗಡಿಯಲ್ಲಿ ಕಿಲಿಸ್ ಎಂಬ ಊರಿದೆ. ಅಲ್ಲಿನ ಶಿಬಿರದಲ್ಲಿ, ಯುದ್ಧದ ನೆನಪಿನಿಂದ ನರಳುತ್ತಿದ್ದ 70 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಚಿಕಿತ್ಸೆ ಕೊಟ್ಟರು. ಚಿಕಿತ್ಸೆ ಪಡೆದವರಲ್ಲಿ ಆಘಾತದ ಲಕ್ಷಣಗಳೂ ಖಿನ್ನತೆಯೂ ಗಣನೀಯವಾಗಿ ತಗ್ಗಿದವು. ಐದು ವಾರ ಕಳೆದು ನೋಡಿದಾಗಲೂ ಆ ಲಾಭ ಉಳಿದಿತ್ತು. 2016ರಲ್ಲಿ ಅದು ಪ್ರಕಟವಾಯಿತು. ಮನೆ, ಮಕ್ಕಳು, ಊರು ಕಳೆದುಕೊಂಡವರು ಅವರು. ಬಾಂಬಿನಡಿಯಲ್ಲೂ ನಮಾಝ್ ಮಾಡಿದವರು. ಅವರಿಗೆ ಚಿಕಿತ್ಸೆ ಬೇಕಾದದ್ದು ಈಮಾನ್ ಕಡಿಮೆಯಾಗಿಯೇ?

ನಮ್ಮ ಕರಾವಳಿಯದ್ದೇ ನೋಡಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಮಂದಿ ತೀರಿಕೊಂಡರು, ಬದುಕುಳಿದವರು ಎಂಟೇ ಮಂದಿ. ನಾವು ಜನಾಝಾ ನಮಾಝ್ ಮಾಡಿದೆವು, ಪರಿಹಾರದ ಹಣದ ಬಗ್ಗೆ ವರ್ಷಗಟ್ಟಲೆ ಮಾತನಾಡಿದೆವು. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಆ ಮನೆಗಳಲ್ಲಿ ಎಷ್ಟು ಜನ ಕೇಳಿದೆವು?

ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದೇಹಕ್ಕೆ ಮಾತ್ರ ಎಂದು ಅದಕ್ಕೆ ಗೆರೆ ಎಳೆದವರು ನಾವು. ಹತ್ತನೆಯ ಶತಮಾನದಲ್ಲೇ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಸೇರಿಸಿ ಒಂದೇ ಗ್ರಂಥ ಬರೆದರು. ವೈದ್ಯರು ದೇಹವನ್ನಷ್ಟೇ ನೋಡುತ್ತಾರೆಂಬ ಕೊರಗು ಅವರಿಗೂ ಇತ್ತು. ಕುರ್‌ಆನ್ ಪಾರಾಯಣ, ದುಆ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಅವು ಮುಂದುವರಿಯಲಿ, ಜೊತೆಗೆ ವೈದ್ಯರ ಬಳಿಗೂ ಹೋಗಿ. ಆದರೆ ತಾಯಿತಕ್ಕೆ ಸಾವಿರಗಟ್ಟಲೆ ಕೇಳುವವರ ಬಾಗಿಲಿಗೆ ಹೋಗಬೇಡಿ.

ಕೆಲವು ಎಚ್ಚರಿಕೆಗಳಿವೆ. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಬೆರಳು ಆಡಿಸಬೇಡಿ. ಮುಚ್ಚಿದ್ದ ಗಾಯ ತೆರೆದುಕೊಂಡರೆ ಮುಚ್ಚಲು ನಿಮಗೆ ಬರುವುದಿಲ್ಲ. ಈ ಚಿಕಿತ್ಸೆಯಲ್ಲಿ ತರಬೇತಿ ಪಡೆದಿದ್ದೀರಾ ಎಂದು ಚಿಕಿತ್ಸಕರನ್ನು ನೇರವಾಗಿ ಕೇಳಿ, ಅದರಲ್ಲಿ ಅವಮಾನವೇನಿಲ್ಲ. ಅಪಸ್ಮಾರ, ಕಣ್ಣಿನ ತೊಂದರೆ, ಗರ್ಭಾವಸ್ಥೆ ಇದ್ದರೆ ಮೊದಲೇ ತಿಳಿಸಿ. ನಡುವಿನ ದಿನಗಳಲ್ಲಿ ಕೆಟ್ಟ ಕನಸು, ಅಳು ಹೆಚ್ಚಾಗಬಹುದು. "ಹೋದದ್ದೇ ತಪ್ಪಾಯಿತು" ಎಂದು ಮನೆಯವರು ಆಗ ತಡೆಯಬಾರದು, ಚಿಕಿತ್ಸಕರಿಗೆ ತಿಳಿಸಬೇಕು. ಎಲ್ಲರಿಗೂ ಇದೇ ಸರಿಯೆಂದೂ ಅಲ್ಲ, ಬೇರೆ ಚಿಕಿತ್ಸೆಗಳೂ ಇವೆ.

ಇನ್ನೊಂದು ಮಾತು, ವಿಶೇಷವಾಗಿ ನಮ್ಮ ತಾಯಂದಿರು, ಸಹೋದರಿಯರಿಗೆ ತಲುಪಲಿ. ಈ ಚಿಕಿತ್ಸೆಯಲ್ಲಿ ನಡೆದದ್ದನ್ನೆಲ್ಲ ಬಿಡಿಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗೆ ಹೊಡೆತ ತಿಂದವರು, ಬಾಲ್ಯದಲ್ಲಿ ಯಾರೋ ಮಾಡಿದ ಅನ್ಯಾಯವನ್ನು ನಾಚಿಕೆಯಿಂದ ನುಂಗಿಕೊಂಡವರು ನಮ್ಮ ನಡುವೆಯೂ ಇದ್ದಾರೆ. ನನ್ನ ಬಳಿ ಬಂದವರಿದ್ದಾರೆ, ಬಾಯಿ ತೆರೆಯಲಾರದೆ ಹಿಂದಿರುಗಿದವರೂ ಇದ್ದಾರೆ. ಚಿತ್ರವನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಬಾಯಿಯಿಂದ ಸ್ವಲ್ಪವೇ ಹೇಳಿಯೂ ಗುಣಮುಖರಾಗಲು ಇಲ್ಲಿ ಅವಕಾಶವಿದೆ.

ಆ ಯುವಕ ಏನನ್ನೂ ಮರೆತಿಲ್ಲ. "ಅವನು ಈಗಲೂ ನೆನಪಾಗುತ್ತಾನೆ ಉಸ್ತಾದ್. ಆದರೆ ರಸ್ತೆಯಲ್ಲಿ ಬಿದ್ದವನಾಗಿ ಅಲ್ಲ, ನನ್ನೊಂದಿಗೆ ಬೈಕ್ ಹತ್ತುವಾಗ ನಕ್ಕವನಾಗಿ" ಎಂದ. ಒಂಬತ್ತು ಅವಧಿ ಬೇಕಾಯಿತು ಅವನಿಗೆ. ಈಗ ಗೆಳೆಯನ ಖಬರ್ ಬಳಿ ಹೋಗಿ ದುಆ ಮಾಡುತ್ತಾನೆ, ಅಳುತ್ತಾನೆ. ನಾನು ಕ್ಷಮೆ ಕೇಳಿದೆ. "ನೀವು ಬಯ್ದದ್ದಲ್ಲವಲ್ಲ" ಎಂದು ಅವನೇ ನನ್ನನ್ನು ಸಮಾಧಾನಪಡಿಸಿದ.

ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೊರಗೆ ಹೋಗಲು ಹಿಂಜರಿಕೆಯಿದ್ದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅಸರ್ ಬಳಿಕ ನಾನು ಮಸೀದಿಯಲ್ಲೇ ಇರುತ್ತೇನೆ. ಜೊತೆಗೆ ಬರುವವರಿಲ್ಲವೆಂದು ಯಾರೂ ಸುಮ್ಮನಿರಬೇಡಿ, ನಾನು ಬರುತ್ತೇನೆ.