ಇಟಾಲಿಯನ್ ಕಲಿಕೆಯ ಮೊದಲ ಮೆಟ್ಟಿಲು: ಕ್ರಿಯಾಪದಗಳು

(ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಆ ಮಿಷನ್ನಿನಲ್ಲಿ ದುಡಿದ ಫಾದರ್ ಏಂಜೆಲೊ ಮಫೆಯಿಯವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಸೇವೆಗೆ ಬಂದವರು ಮೊದಲು ಜನರ ಮಾತನ್ನು ಕಲಿತರು. ಇಂದು ಕಾಲಚಕ್ರ ತಿರುಗಿದೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಧರ್ಮಭಗಿನಿಯರಾಗಿ, ದಾದಿಯರಾಗಿ ಇಟಲಿಗೆ ತೆರಳಿ ಅಲ್ಲಿಯ ವೃದ್ಧರ, ರೋಗಿಗಳ ಶುಶ್ರೂಷೆ ಮಾಡುತ್ತಿದ್ದಾರೆ. ಅವರಿಗೆ ಭಾಷೆ ಅಲಂಕಾರವಲ್ಲ, ಸೇವೆಯ ಮೊದಲ ಸಾಧನ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಕ್ರಿಯಾಪದಗಳಿಂದ ಎಂಬುದೇ ನಮ್ಮ ಉತ್ತರ. ವಸ್ತುವಿನ ಹೆಸರು ತಿಳಿಯದಿದ್ದರೆ ಬೆರಳಿನಿಂದ ತೋರಿಸಬಹುದು. 'ಬೇಕು', 'ಆಗುವುದಿಲ್ಲ', 'ಹೋದರು' ಎಂಬುದನ್ನು ಬೆರಳಿನಿಂದ ತೋರಿಸಲಾಗದು.

ಇಟಾಲಿಯನ್ ಕ್ರಿಯಾಪದಗಳ ಮೂಲರೂಪ ಬಹುಮಟ್ಟಿಗೆ 'ಆರೆ', 'ಎರೆ', 'ಇರೆ' ಎಂದು ಮೂರು ಬಗೆಯಲ್ಲಿ ಮುಗಿಯುತ್ತದೆ. 'ಪರ್ಲಾರೆ' ಎಂದರೆ ಮಾತನಾಡು. ಪಾರ್ಲೊ, ಮಾತನಾಡುತ್ತೇನೆ, ಪಾರ್ಲಿ, ಮಾತನಾಡುತ್ತೀಯೆ, ಪಾರ್ಲ, ಮಾತನಾಡುತ್ತಾನೆ ಅಥವಾ ಮಾತನಾಡುತ್ತಾಳೆ, ಪರ್ಲ್ಯಾಮೊ, ಮಾತನಾಡುತ್ತೇವೆ, ಪರ್ಲಾತೆ, ಮಾತನಾಡುತ್ತೀರಿ, ಪಾರ್ಲನೊ, ಮಾತನಾಡುತ್ತಾರೆ. ನಾನು, ನೀನು ಎಂದು ಬಾಯಿಬಿಟ್ಟು ಹೇಳದಿದ್ದರೂ ಕ್ರಿಯಾಪದದ ಕೊನೆಯೇ ಕರ್ತೃವನ್ನು ತಿಳಿಸುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇದು ಹೊಸತು. ಕನ್ನಡಿಗರಿಗೆ ಮನೆಯ ರೂಢಿ.

ಗೌರವದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಗುವನ್ನು 'ಕೊಮೆ ಸ್ತಾಯ್', ಹೇಗಿದ್ದೀಯೆ ಎಂದು ಕೇಳಬೇಕು. ಪರಿಚಯವಿಲ್ಲದ ಹಿರಿಯರನ್ನು 'ಕೊಮೆ ಸ್ತಾ' ಎನ್ನಬೇಕು. ನಾವು ಬಹುವಚನದಿಂದ ಸಲ್ಲಿಸುವ ಗೌರವವನ್ನು ಅವರು ಪ್ರಥಮ ಪುರುಷದ ಏಕವಚನದಿಂದ ಸಲ್ಲಿಸುತ್ತಾರೆ.

ಇನ್ನು ಹೆಚ್ಚು ಬಳಕೆಯಲ್ಲಿರುವ ಎರಡು ಕ್ರಿಯಾಪದಗಳು: ಎಸ್ಸೆರೆ, ಅಂದರೆ ಇರು, ಅವೇರೆ, ಅಂದರೆ ಹೊಂದಿರು. 'ನಾನು ದಾದಿ' ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ಇಟಾಲಿಯನ್ನಿನಲ್ಲಿ 'ಸೋನೊ' ಎಂಬುದನ್ನು ಬಿಡುವಂತಿಲ್ಲ. ನಮಗೆ ಹಸಿವು ಆಗುತ್ತದೆ. ಅವರು ಹಸಿವನ್ನು ಹೊಂದಿರುತ್ತಾರೆ. 'ಒ ಫಾಮೆ' ಎಂದರೆ ಹಸಿವಾಗಿದೆ, 'ಒ ಸೇತೆ' ಎಂದರೆ ಬಾಯಾರಿಕೆಯಾಗಿದೆ. ಆದರೆ ರೋಗಿಯು 'ಮಿ ಫಾ ಮಾಲೆ' ಎಂದಾಗ ಅದು ನಮ್ಮ 'ನನಗೆ ನೋವಾಗುತ್ತಿದೆ' ಎಂಬುದರ ಹತ್ತಿರಕ್ಕೇ ಬರುತ್ತದೆ. 'ಮಿ ಪ್ಯಾಚೆ' ಎಂಬುದೂ 'ನನಗೆ ಇಷ್ಟವಾಗುತ್ತದೆ' ಎಂಬಂತೆಯೇ ಇದೆ. ಇಂಥ ನಾಲ್ಕು ಮಾತುಗಳು ಕಿವಿಗೆ ಹತ್ತಿದ್ದರೆ ಮಧ್ಯರಾತ್ರಿಯಲ್ಲಿ ಕರೆದ ವೃದ್ಧರಿಗೆ ನೀರು ಬೇಕೋ ವೈದ್ಯರು ಬೇಕೋ ಎಂಬುದು ತಿಳಿಯುತ್ತದೆ.

ಭೂತಕಾಲದಲ್ಲಿ ಇನ್ನೊಂದು ವಿಶೇಷವಿದೆ. 'ಹೋದೆ' ಎಂದು ಕನ್ನಡದಲ್ಲಿ ಗಂಡಸರೂ ಹೆಂಗಸರೂ ಒಂದೇ ರೀತಿ ಹೇಳುತ್ತಾರೆ. ಅಲ್ಲಿ ಗುರುಗಳು 'ಸೋನೊ ಅಂದಾತೊ' ಎಂದರೆ ಭಗಿನಿಯರು 'ಸೋನೊ ಅಂದಾತ' ಎನ್ನಬೇಕು.

ನಿಯಮ ಮೀರುವ ಕ್ರಿಯಾಪದಗಳೇ ದಿನಬಳಕೆಯಲ್ಲಿ ಹೆಚ್ಚು. ಅಂದಾರೆ, ಅಂದರೆ ಹೋಗು, ಎಂಬುದು 'ವಾದೊ', ಹೋಗುತ್ತೇನೆ, ಎಂದು ರೂಪ ಬದಲಿಸುತ್ತದೆ. ಆದ್ದರಿಂದ ನೂರು ಕ್ರಿಯಾಪದಗಳನ್ನು ಅರೆಬರೆ ಕಲಿಯುವುದಕ್ಕಿಂತ ಇರು, ಹೊಂದಿರು, ಮಾಡು, ಹೋಗು, ಬರು, ಕೊಡು, ಬೇಕು, ಆಗು ಎಂಬಷ್ಟನ್ನು ಆರೂ ರೂಪಗಳಲ್ಲಿ ಕಂಠಪಾಠ ಮಾಡುವುದು ಲೇಸು. ಜಪಮಾಲೆಯ ಪ್ರಾರ್ಥನೆಗಳು ನಮ್ಮ ನಾಲಿಗೆಗೆ ಬಂದುದು ನಿತ್ಯದ ಪುನರುಚ್ಚಾರದಿಂದಲೇ ಅಲ್ಲವೇ?

ತಪ್ಪಾದೀತೆಂಬ ಅಂಜಿಕೆ ಬೇಡ. 1978ರ ಅಕ್ಟೋಬರ್ 16ರಂದು ಪೋಲೆಂಡಿನಿಂದ ಬಂದು ಜಗದ್ಗುರುಗಳಾಗಿ ಚುನಾಯಿತರಾದ ಎರಡನೇ ಜಾನ್ ಪಾಲರು ಸಂತ ಪೇತ್ರರ ಮಹಾದೇವಾಲಯದ ಮೊಗಸಾಲೆಯಿಂದ ಜನಸ್ತೋಮಕ್ಕೆ ಇಟಾಲಿಯನ್ನಿನಲ್ಲಿ ಮಾತನಾಡಿದರು. ತಾವು ತಪ್ಪಿದರೆ ತಿದ್ದಬೇಕೆಂದು ಕೇಳಿಕೊಂಡರು. 'ತಿದ್ದುವಿರಿ' ಎಂಬ ಆ ಕ್ರಿಯಾಪದವೇ ತಪ್ಪಿತು. 'ಕೊರ್ರೆಜ್ಜೆರೇತೆ' ಎನ್ನಬೇಕಾದಲ್ಲಿ 'ಕೊರ್ರಿಜೆರೇತೆ' ಎಂದರು. ಜನರು ಹರ್ಷೋದ್ಗಾರದಿಂದ ಅವರನ್ನು ತಮ್ಮವರನ್ನಾಗಿ ಮಾಡಿಕೊಂಡರು. ಅವರು 2014ರಲ್ಲಿ ಸಂತರೆಂದು ಘೋಷಿತರಾದರು.

ಆದಕಾರಣ ಹೊರಡಲಿರುವ ನಮ್ಮ ಮಕ್ಕಳಿಗೆ ನಾವು ಹೇಳುವುದಿಷ್ಟು: ದಿನಕ್ಕೊಂದು ಕ್ರಿಯಾಪದ ಕಲಿಯಿರಿ, ಗಟ್ಟಿಯಾಗಿ ಹೇಳಿರಿ, ತಿದ್ದಿಸಿಕೊಳ್ಳಿರಿ. ಅಂದು ಅವರು ನಮ್ಮ ನಾಡಿನ ಮಾತಿಗೆ ತೋರಿದ ಗೌರವವನ್ನು ಇಂದು ನಾವು ಅವರ ಮಾತಿಗೆ ತೋರೋಣ.