ತಾನೇ ಟಿಕೀಟು ತೆಗೆದ ಹುಡುಗ

ಇಂದು ಒಂದು ಇಂಗ್ಲಿಷ್ ಕಾದಂಬರಿಯ ಹುಡುಗನನ್ನು ನಿಮಗೆ ಪರಿಚಯ ಮಾಡಿಕೊಡಬೇಕೆಂದಿದ್ದೇನೆ. ಹೆಸರು ಕ್ರಿಸ್ಟೋಫರ್, ವಯಸ್ಸು 15, ಊರು ಇಂಗ್ಲೆಂಡಿನ ಸ್ವಿಂಡನ್. ಮಾರ್ಕ್ ಹ್ಯಾಡನ್ ಬರೆದು 2003ರಲ್ಲಿ ಪ್ರಕಟವಾದ ‘ದ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್ ಟೈಮ್’ ಕಾದಂಬರಿಯಲ್ಲಿ ಕಥೆ ಹೇಳುವವನು ಇವನೇ. ಯಾರಾದರೂ ಮುಟ್ಟಿದರೆ ಸಹಿಸುವುದಿಲ್ಲ. ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು ಅವನಿಗೆ ಕಷ್ಟ. ಲೆಕ್ಕದಲ್ಲಿ ಮಾತ್ರ ಬಲು ಚುರುಕು. ಕಥೆಯೊಳಗೆ ಇದಕ್ಕೆ ಹೆಸರಿಟ್ಟಿಲ್ಲ. ಓದಿದವರು ಆಟಿಸಂ ಎಂದು ಗುರುತಿಸಿದರು. ಕನ್ನಡದಲ್ಲಿ ಸ್ವಲೀನತೆ, ಮರಾಠಿಯಲ್ಲಿ ಸ್ವಮಗ್ನತಾ. ಇದು ಹುಚ್ಚಲ್ಲ, ತಾಯಿಯ ಅಲಕ್ಷ್ಯದಿಂದ ಬಂದದ್ದೂ ಅಲ್ಲ. ಮೆದುಳು ಬೆಳೆಯುವ ರೀತಿಯೇ ಬೇರೆ, ಅಷ್ಟೆ.

ತೀರಿಕೊಂಡಳೆಂದು ತಂದೆ ಹೇಳಿದ್ದ ತಾಯಿ ಲಂಡನ್ನಿನಲ್ಲಿ ಬದುಕಿದ್ದಾಳೆಂದು ಕ್ರಿಸ್ಟೋಫರನಿಗೆ ಒಂದು ದಿನ ತಿಳಿಯುತ್ತದೆ. ಓಣಿಯ ತುದಿಯ ಅಂಗಡಿಯಾಚೆ ಒಬ್ಬನೇ ಹೋಗದಿದ್ದ ಹುಡುಗ ರೈಲು ನಿಲ್ದಾಣಕ್ಕೆ ಬರುತ್ತಾನೆ. ಗದ್ದಲಕ್ಕೆ ತಲೆ ಕೆಡುತ್ತದೆ. ನೆಲದ ಮೇಲೆ ಒಂದು ಕೆಂಪು ಗೆರೆ ಇದೆಯೆಂದು ಕಲ್ಪಿಸಿಕೊಂಡು, ಎಡ-ಬಲ ಎಂದು ಹೇಳಿಕೊಳ್ಳುತ್ತ ನಡೆಯುತ್ತಾನೆ. ಕಿಟಕಿಯೊಳಗಿನವನು ‘ಸಿಂಗಲ್ಲೋ ರಿಟರ್ನೋ’ ಎಂದು ಕೇಳಿದರೆ ಇವನಿಗೆ ಅರ್ಥವಾಗದು. ಹೋಗುವುದಷ್ಟೇಯೋ, ಹೋಗಿ ಮರಳಿ ಬರುವುದೂ ಇದೆಯೋ ಎಂದು ಅವನು ಬಿಡಿಸಿ ಹೇಳಿದ ಮೇಲೆ ಟಿಕೀಟು ಕೈಗೆ ಬರುತ್ತದೆ. ಇಡೀ ಪುಸ್ತಕದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಈ ಪ್ರಸಂಗ. ಹುಡುಗನ ಧೈರ್ಯ ಅರ್ಧ, ಕಿಟಕಿಯವನ ತಾಳ್ಮೆ ಅರ್ಧ.

ಈಗ ನಮ್ಮ ಕಡೆಗೆ ಬನ್ನಿ. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಹೋಗುವ ಹುಡುಗನೊಬ್ಬ ಇದ್ದಾನೆನ್ನಿ. ಹೋಗುವಾಗ ಬೋರ್ಡು ಮರಾಠಿ, ಬರುವಾಗಿನ ಗಾಡಿ ಕರ್ನಾಟಕದ್ದಾದರೆ ಬೋರ್ಡು ಕನ್ನಡ. ಮನೆಯಲ್ಲಿ ‘ಎಲ್ಲಿಗೆ’ ಎಂದು ಕೇಳಿ ಬೆಳೆದವನಿಗೆ ಕಂಡಕ್ಟರ್ ‘ಕುಠೇ’ ಎನ್ನುತ್ತಾನೆ. ನಿಮಗೆ ನನಗೆ ಇದು ಗಮನಕ್ಕೂ ಬಾರದು. ಅಕ್ಷರದ ಆಕಾರವನ್ನೇ ಗುರುತಿಟ್ಟುಕೊಂಡ ಹುಡುಗನಿಗೆ ಅದು ಬೇರೆಯೇ ಬಸ್ಸು.

ಇಂಥ ಮಕ್ಕಳ ಮನೆಯಲ್ಲಿ ಒಂದೇ ಭಾಷೆ ಆಡಿರಿ, ಕನ್ನಡ ಬಿಡಿರಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಸ್ವಲೀನತೆಯ ಮಕ್ಕಳ ಮಾತು ಹಿಂದೆ ಬೀಳುತ್ತದೆಂದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿ ಆಡುವ ಮಾತನ್ನೇ ಕಿತ್ತುಕೊಂಡರೆ ಆ ಹುಡುಗ ಮನೆಯಲ್ಲಿ ಯಾರೊಡನೆ ಮಾತಾಡಬೇಕು? ಎರಡೂ ಬೋರ್ಡುಗಳ ಫೋಟೋ ತೆಗೆದು, ಊರಿನ ಚಿತ್ರದ ಜೊತೆ ಒಂದೇ ಹಾಳೆಗೆ ಅಂಟಿಸಿ ಕೊಡಿರಿ.

ಕಲಿಸುವುದು ಕಿರಾಣಿ ಅಂಗಡಿಯಿಂದಲೇ ಆಗಲಿ. ಒಂದೇ ಅಂಗಡಿ, ಒಂದೇ ಸಾಮಾನು, ಎಣಿಸಿಟ್ಟ ರೊಕ್ಕ. ಮೊದಲು ನೀವು ಜೊತೆಗೆ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಕಟ್ಟೆಯ ಮೇಲೆ ಕುಳಿತು. ಇಚಲಕರಂಜಿಯ ಮಗ್ಗದ ಸದ್ದಿಗೆ ಹೊಂದಿಕೊಂಡ ಮಗು, ಒಮ್ಮೆಲೇ ಬಾರಿಸಿದ ಹಾರ್ನಿಗೆ ಕಿವಿ ಮುಚ್ಚಿಕೊಂಡು ಕೂತುಬಿಡಬಹುದು. ಅದು ಹಟವಲ್ಲ. ಬಾಯಿ ಮಾಡದೆ ಸ್ವಲ್ಪ ನಿಲ್ಲಿರಿ.

ಕಾದಂಬರಿಯ ಬಗ್ಗೆ ನನ್ನದೊಂದು ತಕರಾರಿದೆ. ಕ್ರಿಸ್ಟೋಫರ್ ದೊಡ್ಡ ಗಣಿತದ ಪರೀಕ್ಷೆ ಬರೆದು ಮೇಲಿನ ದರ್ಜೆ ಪಡೆಯುತ್ತಾನೆ. ಇದನ್ನು ಓದಿ, ನಮ್ಮ ಮಗನಲ್ಲಿ ಅಂಥ ವಿದ್ಯೆ ಯಾವುದು ಎಂದು ಹುಡುಕುತ್ತ ಕೂರಬೇಡಿ. ಬಹಳ ಮಕ್ಕಳಿಗೆ ಅಂಥದೇನೂ ಇರುವುದಿಲ್ಲ. ಟಿಕೀಟು ತೆಗೆಯುವುದು ಅವರಿಗೂ ಬೇಕು.

‘ನಮ್ಮ ನಂತರ ಯಾರು?’ ಎಂಬ ಪ್ರಶ್ನೆ ನಿಮ್ಮನ್ನು ಕಾಡುತ್ತಿರಬಹುದು. ಮಗನಿಗೆ 18 ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ, ಪಾಲಕರನ್ನು ನೇಮಿಸುವಂತೆ ಜಿಲ್ಲೆಯ ಸಮಿತಿಗೆ ಅರ್ಜಿ ಕೊಡಬಹುದು. ಪಾಲಕರು ಬೇಕೇ, ಬೇಕಿದ್ದರೆ ಯಾವ ಯಾವ ಕೆಲಸಕ್ಕೆ ಎಂಬುದನ್ನು ಸಮಿತಿ ನೋಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ವಲೀನತೆಯೂ ಸೇರಿದೆ. ಪ್ರಮಾಣಪತ್ರ ಇನ್ನೂ ಮಾಡಿಸಿರದಿದ್ದರೆ ಮಾಡಿಸಿರಿ. ಅರ್ಜಿ ಬರೆಯುವ ದಿನ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಕೆಲಸಕ್ಕೆ ನೆರವು ಬೇಕು, ಯಾವುದಕ್ಕೆ ಬೇಡ ಎಂದು ಅವನನ್ನೇ ಕೇಳಿರಿ. ಬಾಯಿಂದ ಹೇಳಲಾಗದಿದ್ದರೆ ಚಿತ್ರ ತೋರಿಸಿ ಕೇಳಿರಿ.